ನಿಮಗಿದು ಗೊತ್ತೇ? ಹೆಣ್ಣು, ಗಂಡು ಮತ್ತು ಒಂದೇ ಟೀಮು

ಕೋಪರಿಯಿಂದ ಠಾಣೆ ಸ್ಟೇಷನ್ನಿಗೆ ಬಂದು ಐರೋಲಿ, ಘನ್ಸೋಲಿ ಕಡೆಯ ಆಫೀಸುಗಳಿಗೆ ಲೋಕಲ್ ಹಿಡಿಯುವ ಕನ್ನಡಿಗರೇ, ನಿಮ್ಮ ಮುಂದಿನ ಮೀಟಿಂಗಿಗೆ ಮೊದಲು ಇಷ್ಟು ಓದಿಕೊಳ್ಳಿ.

● ಭಾರತದ ಮೊದಲ ರೈಲು ಚಾಲಕಿ ಸಾತಾರಾ ಜಿಲ್ಲೆಯ ಸುರೇಖಾ ಯಾದವ್. ತರಬೇತಿ ಪಡೆದದ್ದು ನಮ್ಮ ಪಕ್ಕದ ಕಲ್ಯಾಣದಲ್ಲೇ. 2011ರ ಮಾರ್ಚ್ 8ರಂದು ಪುಣೆಯಿಂದ ಘಾಟಿ ಇಳಿಸಿ ಡೆಕ್ಕನ್ ಕ್ವೀನನ್ನು ಮುಂಬೈಗೆ ತಂದವರು ಅವರೇ.

● ಮಾಟುಂಗಾ ನಿಲ್ದಾಣವನ್ನು 2017ರಿಂದ ಪೂರ್ತಿ ಮಹಿಳಾ ಸಿಬ್ಬಂದಿಯೇ ನಡೆಸತೊಡಗಿದರು. ಹೆಮ್ಮೆಯ ಮಾತು. ಆದರೆ ಹೆಣ್ಣು-ಗಂಡು ಜೊತೆಗೂಡಿ ಸರಿಸಮಾನರಾಗಿ ದುಡಿಯುವುದು ಇನ್ನೂ ಕಷ್ಟದ ಕೆಲಸ.

● ಎಷ್ಟು ಕಷ್ಟವೆಂದರೆ, 1933ರಲ್ಲಿ ಮುಂಬೈಯ ಪದವೀಧರೆ ಕಮಲಾ ಭಾಗವತ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದಾಗ, ಹೆಣ್ಣೆಂಬ ಕಾರಣಕ್ಕೆ ನಿರ್ದೇಶಕ ಸಿ.ವಿ. ರಾಮನ್ ನಿರಾಕರಿಸಿದರು. ಆಕೆ ಪಟ್ಟು ಬಿಡಲಿಲ್ಲ. ಕೊನೆಗೆ ಒಂದು ವರ್ಷದ ಪರೀಕ್ಷಾರ್ಥ ಪ್ರವೇಶ ಸಿಕ್ಕಿತು; ಆಕೆಯ ಕೆಲಸ ನೋಡಿ ರಾಮನ್ ಮುಂದೆ ಬೇರೆ ವಿದ್ಯಾರ್ಥಿನಿಯರಿಗೂ ಬಾಗಿಲು ತೆರೆದರು. 1939ರಲ್ಲಿ ಕೇಂಬ್ರಿಜ್ ಡಾಕ್ಟರೇಟ್ ಗಳಿಸಿ, ಮುಂದೆ ಕಮಲಾ ಸೊಹೊನಿ ಎಂದು ಹೆಸರಾದವರು ಇವರೇ. ಗಂಡು ಹುಡುಗರಿಗೆ ಇಲ್ಲದ ಆ ಒಂದು ವರ್ಷದ ಪರೀಕ್ಷೆ ಇವತ್ತೂ ನಿಂತಿಲ್ಲ. ಹೊಸದಾಗಿ ಟೀಮ್ ಲೀಡ್ ಆದ ಹೆಣ್ಣುಮಕ್ಕಳನ್ನೇ ಕೇಳಿ ನೋಡಿ.

● ಅದೇ ವಿಜ್ಞಾನ ಸಂಸ್ಥೆಯಲ್ಲಿ ಮುಂದೆ ಕರ್ನಾಟಕದ ರಾಜೇಶ್ವರಿ ಚಟರ್ಜಿ, ಪತಿ ಎಸ್.ಕೆ. ಚಟರ್ಜಿಯವರ ಜೊತೆಗೂಡಿ ಮೈಕ್ರೋವೇವ್ ಸಂಶೋಧನೆಯ ಪ್ರಯೋಗಾಲಯ ಕಟ್ಟಿದರು.

● 2010ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಸಂಶೋಧಕಿ ಅನಿತಾ ವೂಲಿ ಮತ್ತು ಸಂಗಡಿಗರು 699 ಜನರನ್ನು ಸಣ್ಣ ಗುಂಪುಗಳಾಗಿ ಮಾಡಿ ಕೆಲಸ ಕೊಟ್ಟು ನೋಡಿದರು. ಗುಂಪಿನಲ್ಲಿ ಒಬ್ಬ ಮಹಾಬುದ್ಧಿವಂತನಿದ್ದರೆ ಗೆಲುವು ಖಚಿತವೇನಲ್ಲ. ಇಬ್ಬರು ಮೂವರೇ ಮಾತಾಡುತ್ತಿದ್ದ ಗುಂಪುಗಳು ಹಿಂದೆ ಬಿದ್ದವು. ಎಲ್ಲರಿಗೂ ಮಾತಿನ ಸರದಿ ಸಿಕ್ಕ, ಎದುರಿನವರ ಮನಸ್ಸು ಅರಿಯಬಲ್ಲವರಿದ್ದ ಗುಂಪುಗಳು ಮುಂದೆ ಬಂದವು. ಹೆಂಗಸರು ಹೆಚ್ಚಿದ್ದ ಗುಂಪುಗಳ ಸಾಧನೆಯೂ ಹೆಚ್ಚಿತ್ತು. ಅದಕ್ಕೆ ಬಹುಪಾಲು ಕಾರಣ ಆ ಅರಿಯುವ ಗುಣವೇ. ಅದನ್ನು ಗಂಡಸರೂ ರೂಢಿಸಿಕೊಳ್ಳಬಹುದು, ರೂಢಿಸಿಕೊಳ್ಳಲೇಬೇಕು.

● ಹತ್ತು ಅಥವಾ ಹೆಚ್ಚು ಜನ ದುಡಿಯುವ ಪ್ರತಿ ಕಚೇರಿಯಲ್ಲೂ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿ ಇರಬೇಕೆಂದು 2013ರ ಕಾಯ್ದೆ ಹೇಳುತ್ತದೆ. ಅಧ್ಯಕ್ಷೆ ಮಹಿಳೆಯೇ ಆಗಿರಬೇಕು, ಸದಸ್ಯರಲ್ಲಿ ಕನಿಷ್ಠ ಅರ್ಧ ಮಹಿಳೆಯರಿರಬೇಕು. ಗುತ್ತಿಗೆಯವರಿಗೂ ಟ್ರೇನಿಗಳಿಗೂ ಈ ರಕ್ಷಣೆಯಿದೆ. ಸಾಮಾನ್ಯವಾಗಿ ಮೂರು ತಿಂಗಳೊಳಗೆ ಬರಹದಲ್ಲಿ ದೂರು ಕೊಡಬೇಕು. ನಿಮ್ಮ ಆಫೀಸಿನ ಸಮಿತಿಯಲ್ಲಿ ಯಾರಿದ್ದಾರೆಂಬ ಫಲಕ ಎಲ್ಲರಿಗೂ ಕಾಣುವಂತೆ ಇರಬೇಕು. ಇಲ್ಲದಿದ್ದರೆ ನಾಳೆಯೇ ಕೇಳಿ.