ಹಾಸ್ಟೆಲ್ ಗೇಟಿನ ಹೊತ್ತು ನೋಡಿ ರೂಮ್ ಹಿಡಿಯಿರಿ

ದಾವಣಗೆರೆಯಲ್ಲಿ ಮಗನನ್ನೋ ಮಗಳನ್ನೋ ಓದಲಿಕ್ಕೆ ಬಿಟ್ಟಿರುವ ಅಪ್ಪ-ಅಮ್ಮ ಆಗಾಗ ಬಂದು ನೋಡಿಕೊಂಡು ಹೋಗುತ್ತಾರೆ. ಕಲಬುರಗಿ, ರಾಯಚೂರು, ಬಳ್ಳಾರಿ ಕಡೆಯಿಂದ ಬಂದವರಿಗೆ ಅದೇ ದಿನ ವಾಪಸು ಹೋಗುವುದು ಕಷ್ಟ. ಒಂದು ರಾತ್ರಿಯಾದರೂ ಉಳಿಯಬೇಕು. ಆಗ ಹೆಚ್ಚಿನವರು ರೈಲ್ವೆ ಸ್ಟೇಷನ್ನಿಗೆ ಹತ್ತಿರ ಯಾವುದು, ಬಸ್ ಸ್ಟ್ಯಾಂಡಿಗೆ ಹತ್ತಿರ ಯಾವುದು ಎಂದು ನೋಡುತ್ತಾರೆ. ಪೇಟೆ ಕೆಲಸಕ್ಕೆ ಬಂದವರಿಗೆ ಆ ಲೆಕ್ಕ ಸರಿ. ಮಕ್ಕಳನ್ನು ನೋಡಲಿಕ್ಕೆ ಬಂದವರು ಮೊದಲು ತಿಳಿಯಬೇಕಾದ್ದು ಬೇರೆ: ಮಗುವಿಗೆ ಕ್ಲಾಸು ಮುಗಿಯುವುದು ಎಷ್ಟಕ್ಕೆ, ಹಾಸ್ಟೆಲ್ ಗೇಟು ಮುಚ್ಚುವುದು ಎಷ್ಟಕ್ಕೆ?

ಈ ಎರಡರ ನಡುವೆ ಉಳಿಯುವುದು ಎರಡು-ಮೂರು ತಾಸು. ಲ್ಯಾಬ್ ಇದ್ದ ದಿನ ಅದೂ ಇಲ್ಲ. ಆ ಹೊತ್ತಿನಲ್ಲಿ ಅರ್ಧ ಭಾಗ ಆಟೋದಲ್ಲಿ ಕಳೆದರೆ ಬಂದದ್ದಕ್ಕೆ ಅರ್ಥವಿಲ್ಲ. ಹಾಗಾಗಿ ರೂಮು ಕಾಲೇಜಿನ ಮಗ್ಗುಲಲ್ಲಿರಬೇಕು, ಸ್ಟೇಷನ್ನಿನ ಮಗ್ಗುಲಲ್ಲಲ್ಲ. ಸ್ಟೇಷನ್ನಿಗೆ ನೀವು ಹೋಗುವುದು ಒಂದೇ ಸಲ. ಹಾಸ್ಟೆಲ್ಲಿಗೆ ದಿನಕ್ಕೆ ನಾಲ್ಕು ಸಲ ತಿರುಗುತ್ತೀರಿ.

ಇಲ್ಲಿ ಕಾಲೇಜುಗಳೆಲ್ಲ ಒಂದೇ ಕಡೆ ಇಲ್ಲ. ಬೇರೆ ಬೇರೆ ಕಾಲದಲ್ಲಿ, ಜಾಗ ಸಿಕ್ಕ ಸಿಕ್ಕ ದಿಕ್ಕಿನಲ್ಲಿ ಬೆಳೆದವು. ಯು.ಬಿ.ಡಿ.ಟಿ. ಇಂಜಿನಿಯರಿಂಗ್ ಕಾಲೇಜು 1951ರದ್ದು, ಹದಡಿ ರಸ್ತೆ ಕಡೆ ಬರುತ್ತದೆ. 1958ರಲ್ಲಿ ಬಾಪೂಜಿ ವಿದ್ಯಾಸಂಸ್ಥೆ ಹುಟ್ಟಿತು; ಅದರ ಜೆ.ಜೆ.ಎಂ. ಮೆಡಿಕಲ್ ಕಾಲೇಜು 1965ರಲ್ಲಿ, ಬಿ.ಐ.ಇ.ಟಿ. 1979ರಲ್ಲಿ ಶುರುವಾದವು. ಬಿ.ಐ.ಇ.ಟಿ. ಶಾಮನೂರು ರಸ್ತೆಯಲ್ಲಿದೆ, ಬಾಪೂಜಿ ಡೆಂಟಲ್ ಕಾಲೇಜು ಎಂ.ಸಿ.ಸಿ. 'ಬಿ' ಬ್ಲಾಕಿನಲ್ಲಿದೆ. ಇವುಗಳಲ್ಲಿ ಓದುವವರ ಅಪ್ಪ-ಅಮ್ಮ ವಿದ್ಯಾನಗರ, ಎಂ.ಸಿ.ಸಿ. ಬ್ಲಾಕು, ಪಿ.ಜೆ. ಬಡಾವಣೆ ಆಸುಪಾಸಿನಲ್ಲಿ ರೂಮ್ ಹಿಡಿದರೆ ಸಾಕು, ಓಡಾಟ ಹಗುರ. ಊಟ-ತಿಂಡಿಗೂ ಅಲ್ಲಿ ಕೊರತೆ ಇಲ್ಲ.

ಎಸ್.ಎಸ್. ಮೆಡಿಕಲ್ ಕಾಲೇಜು ಊರಾಚೆ, ಬೈಪಾಸ್ ಕಡೆ. ಜಿ.ಎಂ. ವಿಶ್ವವಿದ್ಯಾಲಯ ಪಿ.ಬಿ. ರಸ್ತೆಯಲ್ಲಿ, ಹರಿಹರಕ್ಕೆ ಹೋಗುವ ದಾರಿಯಲ್ಲಿದೆ. ದಾವಣಗೆರೆ ವಿಶ್ವವಿದ್ಯಾಲಯವಂತೂ ಊರೊಳಗೆ ಇಲ್ಲವೇ ಇಲ್ಲ. 2009ರಲ್ಲಿ ಸ್ವತಂತ್ರ ವಿಶ್ವವಿದ್ಯಾಲಯವಾದ ಅದರ ಶಿವಗಂಗೋತ್ರಿ ಕ್ಯಾಂಪಸ್ಸು ತೋಳಹುಣಸೆಯಲ್ಲಿದೆ, ಊರಿನಿಂದ ಕೆಲವು ಮೈಲಿ ದೂರ. "ಯೂನಿವರ್ಸಿಟಿ ಪಕ್ಕದಲ್ಲೇ ಲಾಡ್ಜ್ ಸಿಗಬಹುದು" ಎಂದು ನೇರ ತೋಳಹುಣಸೆಗೆ ಹೋಗಿ ಇಳಿಯಬೇಡಿ. ಅಲ್ಲಿ ಮಗಳು ಎಂ.ಎ., ಎಂ.ಎಸ್ಸಿ. ಓದುತ್ತಿದ್ದರೆ ಊರೊಳಗೇ ರೂಮ್ ಮಾಡಿ, ಅವಳನ್ನು ಮಧ್ಯಾಹ್ನವೇ ಊರಿಗೆ ಕರೆಸಿಕೊಳ್ಳುವುದು ಒಳ್ಳೆಯದು. ದಿನಾ ಓಡಾಡುವ ಮಕ್ಕಳಿಗೆ ಯಾವ ಬಸ್ಸು ಎಷ್ಟೊತ್ತಿಗೆ ಎಂಬುದು ನಮಗಿಂತ ಚೆನ್ನಾಗಿ ಗೊತ್ತಿರುತ್ತದೆ.

ಇನ್ನು ಲಾಡ್ಜ್‌ಗಳ ವಿಷಯ. ಪಿ.ಬಿ. ರಸ್ತೆ ಎಂದರೆ ಹಳೇ ಪೂನಾ-ಬೆಂಗಳೂರು ರಸ್ತೆ. ಹೆದ್ದಾರಿ ಊರಾಚೆ ಬೈಪಾಸಿಗೆ ಹೋದರೂ ಊರಿನ ದೊಡ್ಡ ರಸ್ತೆ ಇದೇ. ಕೆ.ಎಸ್‌.ಆರ್‌.ಟಿ.ಸಿ. ಬಸ್ ಸ್ಟ್ಯಾಂಡು ಇದರ ಮೇಲೇ ಇದೆ, ಲಾಡ್ಜ್‌ಗಳೂ ಇದರ ಎರಡು ಬದಿಗೆ ಸಾಲಾಗಿವೆ. ಅನುಕೂಲ ಉಂಟು, ಗಲಾಟೆಯೂ ಉಂಟು. ರಸ್ತೆಗೆ ಮುಖ ಮಾಡಿದ ರೂಮು ಕೊಟ್ಟರೆ ರಾತ್ರಿ ನಿದ್ದೆ ಬಂದ ಹಾಗೇ. "ಹಿಂದಿನ ಸೈಡ್ ರೂಮ್ ಕೊಡ್ರಿ" ಎಂದು ಕೇಳಿ ಪಡೆಯಿರಿ. ಇನ್ನೊಂದು ಮಾತು ಮುಜುಗರವಿಲ್ಲದೆ ಕೇಳಬೇಕು: ಕೆಳಗೆ ಬಾರ್ ಇದೆಯಾ? ಬಾರ್ ಮತ್ತು ಲಾಡ್ಜ್ ಒಂದೇ ಕಟ್ಟಡದಲ್ಲಿರುವುದು ಎಲ್ಲ ಊರಿನಲ್ಲೂ ಇದ್ದದ್ದೇ. ಆದರೆ ಸಂಜೆ ಏಳಕ್ಕೆ ಮಗಳನ್ನು ಕರೆದುಕೊಂಡು ಅದೇ ಮೆಟ್ಟಿಲು ಹತ್ತಬೇಕಾದಾಗ ಅಮ್ಮಂದಿರಿಗೆ ಆಗುವ ಕಸಿವಿಸಿ ಸಣ್ಣದಲ್ಲ. ಮೊದಲೇ ಕೇಳಿದರೆ ಮ್ಯಾನೇಜರುಗಳು ಸುಳ್ಳು ಹೇಳುವುದಿಲ್ಲ.

ಫೋನಿನಲ್ಲಿ ಮಾತಾಡುವುದೇ ಸರಿ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಆ್ಯಪಿನಲ್ಲಿ ಫೋಟೋ ನೋಡಿ, ರೇಟು ನೋಡಿ, ಜನ ಬರೆದದ್ದು ಓದಿ. ಆದರೆ ದುಡ್ಡು ಕಟ್ಟುವ ಮುಂಚೆ ಲಾಡ್ಜಿಗೇ ಒಂದು ಫೋನ್ ಮಾಡಿ. ಆ್ಯಪಿನಲ್ಲಿ ಬುಕ್ ಆಗಿದ್ದರೂ ಕೌಂಟರಿನಲ್ಲಿ "ನಮಗೆ ಬಂದಿಲ್ಲ ಸಾರ್" ಎನ್ನಿಸಿಕೊಂಡವರು ಬೇಕಾದಷ್ಟು ಜನ ಇದ್ದಾರೆ. ಮಾತು ಸುಮಾರಾಗಿ ಹೀಗಿರಬೇಕು:

"ಸಾರ್, ಶನಿವಾರ ಡಬಲ್ ರೂಮ್ ಐತಾ?"

"ಐತೆ ಸಾರ್. ಎಷ್ಟು ಜನ?"

"ನಾವಿಬ್ರು ಗಂಡ-ಹೆಂಡ್ತಿ. ಮಗಳು ಇಲ್ಲೇ ಹಾಸ್ಟೆಲ್‌ನಾಗೆ ಅದಾಳೆ. ಸಂಜೆ ಬಂದು ಕುಂತು ಹೋಗ್ತಾಳೆ, ಶನಿವಾರ ರಾತ್ರಿ ಉಳಿದ್ರೂ ಉಳೀಬಹುದು."

"ಉಳಿಯಾದಾದ್ರೆ ಎಕ್ಸ್‌ಟ್ರಾ ಬೆಡ್ ಹಾಕ್ತೀವಿ. ಅವರ ಐ.ಡಿ. ಕಾರ್ಡು ಬೇಕು."

"ಚೆಕ್‌ಔಟು 24 ಗಂಟೆನೋ, ಮಧ್ಯಾಹ್ನ 12ಕ್ಕೋ?"

ಇದರಲ್ಲಿ ಮಗಳ ವಿಷಯ ಮೊದಲೇ ಹೇಳಿದ್ದು ಮುಖ್ಯ. ಕೆಲವು ಲಾಡ್ಜ್‌ಗಳಲ್ಲಿ ರಿಜಿಸ್ಟರಿನಲ್ಲಿ ಹೆಸರಿಲ್ಲದವರನ್ನು ರೂಮಿಗೆ ಬಿಡುವುದಿಲ್ಲ. ರಿಸೆಪ್ಷನ್ನಿನ ಸೋಫಾದಲ್ಲೇ ಕೂತು ಮಾತಾಡಿ ಎನ್ನುತ್ತಾರೆ. ಅವರ ಕಡೆಯಿಂದ ಅದು ಸರಿಯಾದ ನಿಯಮವೇ. ಆದರೆ ಹಾಸ್ಟೆಲ್ ಮಕ್ಕಳಿಗೆ ಅಪ್ಪ-ಅಮ್ಮನ ರೂಮೆಂದರೆ ಏನೆಂದು ಯೋಚಿಸಿ: ಬಕೆಟ್‌ಗಟ್ಟಲೆ ಬಿಸಿನೀರಿನ ಸ್ನಾನ, ಮನೆಯಿಂದ ತಂದ ರೊಟ್ಟಿ-ಶೇಂಗಾ ಚಟ್ನಿ, ಆಮೇಲೆ ಅಮ್ಮನ ಪಕ್ಕ ಒಂದು ತಾಸು ನಿದ್ದೆ. ಊರು ಸುತ್ತುವ ಉಮೇದು ಅವರಿಗೆ ಇರುವುದಿಲ್ಲ, ಊರು ಅವರಿಗೆ ಹಳತು. ಹಾಗಾಗಿ ರೂಮು ಸ್ವಲ್ಪ ದೊಡ್ಡದಿರಲಿ, ಒಂದು ಕುರ್ಚಿ-ಟೇಬಲ್ ಇರಲಿ, ಮಗುವಿನ ಹೆಸರೂ ಕಾಲೇಜಿನ ಐ.ಡಿ.ಯೂ ಬಂದ ಕೂಡಲೇ ರಿಜಿಸ್ಟರಿಗೆ ಸೇರಲಿ. ಬಿಸಿನೀರು ಎಷ್ಟೊತ್ತಿಗೆ ಬರುತ್ತದೆ ಎಂದೂ ಕೇಳಿಕೊಳ್ಳಿ. ಸೋಲಾರ್ ಇರುವ ಕಡೆ ಬೆಳಗ್ಗೆ ಇಷ್ಟರಿಂದ ಇಷ್ಟು ಗಂಟೆ ಎಂದು ಬೋರ್ಡೇ ಹಾಕಿರುತ್ತಾರೆ. ಗೀಸರ್ ಇದ್ದರೆ ಸಂಜೆ ಬರುವ ಮಗುವಿಗೂ ನೀರು ಸಿಗುತ್ತದೆ.

ರಾತ್ರಿ ಉಳಿಸಿಕೊಳ್ಳಬೇಕೆಂದರೆ ಲಾಡ್ಜಿಗಿಂತ ಹಾಸ್ಟೆಲ್ಲಿನದೇ ದೊಡ್ಡ ಕೆಲಸ. ಹೆಣ್ಣುಮಕ್ಕಳ ಹಾಸ್ಟೆಲ್‌ಗಳಲ್ಲಿ ಔಟ್‌ಪಾಸ್ ಬೇಕು. ಅಡ್ಮಿಷನ್ ದಿನ ಕೊಟ್ಟ ನಂಬರಿನಿಂದಲೇ ಅಪ್ಪನೋ ಅಮ್ಮನೋ ವಾರ್ಡನ್‌ಗೆ ಫೋನ್ ಮಾಡಬೇಕು, ಇಲ್ಲವೇ ಎದುರಿಗೆ ಬಂದು ಸಹಿ ಹಾಕಬೇಕು ಎಂಬುದು ಸಾಮಾನ್ಯ ಪದ್ಧತಿ. ನಂಬರ್ ಬದಲಾಗಿದ್ದರೆ ಅಲ್ಲೇ ತೊಡಕು ಶುರು. ಶನಿವಾರ ಸಂಜೆ ಆಫೀಸು ಮುಚ್ಚಿದ ಮೇಲೆ ಹೋಗಿ ವಾರ್ಡನ್ ಮೇಡಂ ಹತ್ತಿರ ವಾದ ಮಾಡುವ ಬದಲು, ಹೊರಡುವ ಎರಡು ದಿನ ಮುಂಚೆಯೇ ಮಾತಾಡಿ ಮುಗಿಸಿ. ವಾರ್ಡನ್ ಬಿಗಿಯಾಗಿದ್ದಾರೆ ಎಂದರೆ ಅದು ನಮ್ಮ ಮಕ್ಕಳ ಕಾವಲಿಗೇ. ಅನುಮತಿ ಸಿಗದಿದ್ದರೆ ಡಬಲ್ ರೂಮ್ ಸಾಕು, ಮೂರನೆಯ ಹಾಸಿಗೆಗೆ ದುಡ್ಡು ಕೊಡುವುದು ತಪ್ಪುತ್ತದೆ.

ಚೆಕ್‌ಔಟ್ ಪ್ರಶ್ನೆ ಏಕೆಂದರೆ, ಬೆಂಗಳೂರು ಇಲ್ಲಿಗೆ ಸುಮಾರು 260 ಕಿಲೋಮೀಟರ್. ರಾತ್ರಿ ಊಟ ಮಾಡಿ ಹತ್ತು-ಹನ್ನೊಂದಕ್ಕೆ ಬಸ್ ಹತ್ತಿದರೆ ನಸುಕಿನ ಮೂರು-ನಾಲ್ಕಕ್ಕೆ ದಾವಣಗೆರೆ ಬಂದುಬಿಡುತ್ತದೆ. ಮಧ್ಯಾಹ್ನ 12ರ ಲೆಕ್ಕದ ಲಾಡ್ಜಿನಲ್ಲಿ ನಾಲ್ಕಕ್ಕೆ ರೂಮ್ ಹಿಡಿದರೆ ಎಂಟು ತಾಸಿಗೆ ಒಂದು ದಿನದ ಬಾಡಿಗೆ ಹೋಯಿತು. 24 ಗಂಟೆ ಲೆಕ್ಕದ ಕಡೆ ಮರುದಿನ ನಾಲ್ಕರವರೆಗೆ ನಿಮ್ಮದೇ. ಆದರೆ ಮರುದಿನ ಸಂಜೆಯವರೆಗೆ ಇರುವವರಿಗೆ ಅದೂ ಸಾಲುವುದಿಲ್ಲ. ಅಂಥವರು ಬೆಳಗಿನ ರೈಲಿಗೆ ಬರುವುದೇ ಲೇಸು. ಹೆದ್ದಾರಿಯಲ್ಲೇ ಹೋಗುವ ಕೆಲವು ಸ್ಲೀಪರ್ ಬಸ್ಸುಗಳು ಊರೊಳಗೆ ಬರದೆ ಬೈಪಾಸಿನಲ್ಲಿ ಇಳಿಸುತ್ತವೆ. ಟಿಕೆಟ್ ತೆಗೆಯುವಾಗಲೇ ಇಳಿಯುವ ಜಾಗ ಯಾವುದೆಂದು ನೋಡಿ. ನಸುಕಿನ ಕತ್ತಲಲ್ಲಿ ಬೈಪಾಸಿನಲ್ಲಿ ಆಟೋ ಕಾಯುವುದು ವಯಸ್ಸಾದವರಿಗೆ ಹೇಳಿದ್ದಲ್ಲ. ಬೆಂಗಳೂರು, ಹುಬ್ಬಳ್ಳಿಯವರಾದರೆ ಜನಶತಾಬ್ದಿ ಇದೆ, 2023ರ ಜೂನ್‌ನಿಂದ ಬೆಂಗಳೂರು-ಧಾರವಾಡ ವಂದೇ ಭಾರತ್ ಕೂಡ ಇಲ್ಲಿ ನಿಲ್ಲುತ್ತದೆ. ಭಾನುವಾರ ಬೆಳಗ್ಗೆ ಬಂದು ಮಗುವಿನ ಜೊತೆ ಊಟ ಮಾಡಿ ಅಂದೇ ಹಿಂದಿರುಗುವವರಿಗೆ ರೂಮಿನ ಖರ್ಚೇ ಬೇಡ.

ರೇಟಿನ ಬಗ್ಗೆ ಒಂದೇ ಮಾತು: "ಟ್ಯಾಕ್ಸ್ ಸೇರಿ ಎಷ್ಟು?" ಎಂದು ಕೇಳಿ. ದಿನಕ್ಕೆ 7,500 ರೂಪಾಯಿವರೆಗಿನ ರೂಮುಗಳ ಮೇಲಿನ ಜಿ.ಎಸ್.ಟಿ. 2025ರ ಸೆಪ್ಟೆಂಬರ್ 22ರಿಂದ ಶೇ. 12ರಿಂದ ಶೇ. 5ಕ್ಕೆ ಇಳಿದಿದೆ. ಬಿಲ್ ಕೊಟ್ಟಾಗ ಅಷ್ಟೇ ಹಾಕಿದ್ದಾರಾ ನೋಡಿಕೊಳ್ಳಿ. ಮಾರ್ಚಿನಿಂದ ಮೇವರೆಗೆ ಇಲ್ಲಿಯ ಸೆಕೆಗೆ ಎ.ಸಿ. ರೂಮಿಗೆ ಕೊಡುವ ಹೆಚ್ಚಿನ ದುಡ್ಡು ದಂಡವಲ್ಲ. ಮಳೆಗಾಲ, ಚಳಿಗಾಲದಲ್ಲಿ ಫ್ಯಾನ್ ಸಾಕು. ಅಜ್ಜಿಯನ್ನು ಕರೆತರುತ್ತಿದ್ದರೆ ಲಿಫ್ಟು ಮತ್ತು ಕಮೋಡು, ಇವೆರಡನ್ನು ಕೇಳಲೇಬೇಕು. ಹಳೇ ಲಾಡ್ಜ್‌ಗಳಲ್ಲಿ ಎರಡೂ ಇಲ್ಲದಿರಬಹುದು.

ರೂಮು ಸಿಗದ ದಿನಗಳೂ ಇವೆ. ನಗರದೇವತೆ ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ ನಡೆಯುತ್ತದೆ. ಆಗ ಊರಿನ ಮನೆ ಮನೆಯಲ್ಲೂ ನೆಂಟರು, ರಸ್ತೆಗಳೆಲ್ಲ ಜನ. ಮಗುವನ್ನು ನೋಡುವುದಷ್ಟೇ ಉದ್ದೇಶವಾದರೆ ಆ ವಾರ ಬಿಟ್ಟು ಬನ್ನಿ. ಮದುವೆ ಮುಹೂರ್ತ ಜೋರಾಗಿರುವ ದಿನಗಳಲ್ಲಿ ಬೀಗರಿಗೆಂದು ಇಡೀ ಲಾಡ್ಜೇ ಬುಕ್ ಆಗಿರುತ್ತದೆ. ಒಂದು ವೇಳೆ ರೂಮ್ ಸಿಕ್ಕರೂ ಪಕ್ಕದ ಕಲ್ಯಾಣ ಮಂಟಪದ ಓಲಗ ಬೆಳಗಿನ ಜಾವಕ್ಕೇ ಎಬ್ಬಿಸುತ್ತದೆ. ಕ್ಯಾಲೆಂಡರ್ ತೆಗೆದು ಮುಹೂರ್ತ ನೋಡಿ ದಿನ ಗೊತ್ತುಮಾಡುವುದು ಇಲ್ಲಿ ರೂಮ್ ಹುಡುಕುವವರಿಗೂ ಅನ್ವಯಿಸುತ್ತದೆ. ಅಡ್ಮಿಷನ್, ಘಟಿಕೋತ್ಸವದ ದಿನಗಳಿಗೆ ಎರಡು-ಮೂರು ವಾರ ಮುಂಚೆಯೇ ಹೇಳಿಡಬೇಕು. ಮಗು ಕಾಯಿಲೆ ಬಿದ್ದು ಆಸ್ಪತ್ರೆ ಸೇರಿದೆ ಎಂದು ಓಡಿಬಂದವರಾದರೆ ಮಾತು ಬೇರೆ. ಆಗ ಬಾಪೂಜಿ ಆಸ್ಪತ್ರೆಯೋ ಚಿಗಟೇರಿ ಆಸ್ಪತ್ರೆಯೋ, ಯಾವುದರಲ್ಲಿದೆಯೋ ಅದರ ಕಾಲ್ನಡಿಗೆಯಲ್ಲಿ ಸಿಕ್ಕ ರೂಮು ಹಿಡಿಯಿರಿ, ಬೇರೆ ಯಾವ ಲೆಕ್ಕವೂ ಬೇಡ.

ದಾವಣಗೆರೆ ತುಂಬಿದ್ದರೆ ಹರಿಹರ ಇದೆ. 14 ಕಿಲೋಮೀಟರ್ ದೂರ, ಬಸ್ಸುಗಳು ಒಂದರ ಹಿಂದೊಂದು ಬರುತ್ತವೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸಾಮಾನ್ಯ ಸರ್ಕಾರಿ ಬಸ್ಸು ಉಚಿತವಾದ್ದರಿಂದ ಅಮ್ಮನೂ ಮಗಳೂ ಓಡಾಡುವುದಕ್ಕೆ ಖರ್ಚಿಲ್ಲ, ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಕೈಲಿದ್ದರೆ ಸಾಕು. ಪಿ.ಬಿ. ರಸ್ತೆಯಲ್ಲಿ ಹರಿಹರದ ಕಡೆಗಿರುವ ಕಾಲೇಜುಗಳಲ್ಲಿ ಓದುವ ಮಕ್ಕಳಿಗಂತೂ ಇದು ಎರಡನೇ ಆಯ್ಕೆಯಲ್ಲ, ಮೊದಲನೆಯದೇ ಆಗಬಹುದು. ಊರು ಚಿಕ್ಕದು, ಸಂಜೆಯ ಹೊತ್ತು ನೆಮ್ಮದಿ. ಲಾಡ್ಜ್‌ಗಳು ಕಡಿಮೆ, ಇರುವವಕ್ಕೆ ಹೊಳೆಯಾಚೆ ಕುಮಾರಪಟ್ಟಣದ ಫ್ಯಾಕ್ಟರಿಗೆ ಬರುವವರೂ ಗಿರಾಕಿಗಳು. ಹಾಗಾಗಿ ಇಲ್ಲಿಯೂ ಫೋನ್ ಮಾಡದೆ ಹೋಗಬೇಡಿ. ಜನವರಿ ನಡುವಿನ ಹರಜಾತ್ರೆ, ಫೆಬ್ರವರಿ ಎರಡನೇ ವಾರದ ರಾಜನಹಳ್ಳಿ ವಾಲ್ಮೀಕಿ ಜಾತ್ರೆ, ಸೆಪ್ಟೆಂಬರ್ 8ರ ಆರೋಗ್ಯ ಮಾತೆಯ ಹಬ್ಬ, ಈ ಮೂರರ ಸುತ್ತಮುತ್ತ ಹರಿಹರದಲ್ಲಿ ರೂಮ್ ಸಿಗುತ್ತದೆಂದು ನಂಬಬೇಡಿ.

ಹರಿಹರದಲ್ಲಿ ಉಳಿದವರಿಗೆ ಒಂದು ಲಾಭ. ಭಾನುವಾರ ಬೆಳಗ್ಗೆ ಮಗುವನ್ನು ಅಲ್ಲಿಗೇ ಕರೆಸಿಕೊಂಡರೆ ಹರಿಹರೇಶ್ವರನ ಗುಡಿಗೆ ನಡೆದೇ ಹೋಗಬಹುದು. ಹೊಯ್ಸಳರ ದಂಡನಾಯಕ ಪೋಲಾಳ್ವ 13ನೇ ಶತಮಾನದಲ್ಲಿ ಕಟ್ಟಿಸಿದ ಗುಡಿ. ಅರ್ಧ ಹರಿ, ಅರ್ಧ ಹರನಾಗಿ ನಿಂತ ಮೂರ್ತಿಯ ಮುಂದೆ ಕೂತು, ಕಡೆದ ಹಾಗೆ ನುಣುಪಾದ ಕಂಬಗಳ ಮಂಟಪದಲ್ಲಿ ಒಂದು ತಾಸು ಮಾತಾಡಿ. ಮಾರ್ಕ್ಸಿನ ಮಾತು, ಬ್ಯಾಕ್‌ಲಾಗಿನ ಮಾತು ರೂಮಿನ ನಾಲ್ಕು ಗೋಡೆಯೊಳಗೆ ಜಗಳವಾಗುತ್ತದೆ. ಹೊರಗೆ ಅದೇ ಮಾತು ಸಮಾಧಾನವಾಗಿ ಮುಗಿಯುತ್ತದೆ. ಆಮೇಲೆ ದಾವಣಗೆರೆಗೆ ಬಂದು ಬೆಣ್ಣೆದೋಸೆ ತಿನ್ನಿ, ಅಂಗಡಿ ಯಾವುದೆಂದು ಮಗುವನ್ನೇ ಕೇಳಿ.

ಹೊರಡುವ ದಿನದ ವ್ಯವಸ್ಥೆ ರೂಮ್ ಹಿಡಿಯುವಾಗಲೇ ಆಗಬೇಕು. ಚೆಕ್‌ಔಟ್ ಆದ ಮೇಲೆ ಸಂಜೆಯವರೆಗೆ ಬ್ಯಾಗು ಕೌಂಟರಿನಲ್ಲಿ ಇಟ್ಟುಕೊಳ್ಳುತ್ತಾರಾ ಎಂದು ಕೇಳಿ. ಕೇಳಿದರೆ ಹೆಚ್ಚಿನವರು ಒಪ್ಪುತ್ತಾರೆ. ರಾತ್ರಿ ರೈಲಿಗೆ ಹೋಗುವವರು ಮಗುವನ್ನು ಸ್ಟೇಷನ್ನಿನವರೆಗೆ ಕರೆದೊಯ್ಯಬೇಡಿ. ಕೈ ಬೀಸಿ ಕಳಿಸಿದ ಮೇಲೆ ಅದು ಕತ್ತಲಲ್ಲಿ ಒಬ್ಬಂಟಿಯಾಗಿ ಆಟೋ ಹಿಡಿದು, ಗೇಟು ಮುಚ್ಚುವ ಹೊತ್ತಿಗೆ ಓಡಬೇಕು. ರೈಲು ತಡವಾದರೆ ಇನ್ನೂ ಕಷ್ಟ. ಮೊದಲು ಮಗುವನ್ನು ಹಾಸ್ಟೆಲ್ ಗೇಟಿನೊಳಗೆ ಬಿಡಿ, ಉಳಿದ ರೊಟ್ಟಿ-ಚಟ್ನಿಪುಡಿ ಡಬ್ಬಿ ರೂಮ್‌ಮೇಟ್‌ಗಳಿಗೂ ಸಾಲುವಷ್ಟು ಕೊಡಿ, ಆಮೇಲೆ ಲಾಡ್ಜಿನಿಂದ ಬ್ಯಾಗು ತೆಗೆದುಕೊಂಡು ನೀವು ಸ್ಟೇಷನ್ನಿಗೆ ಹೋಗಿ.