ಅನುಬಂಧದಲ್ಲಿ ಇಲ್ಲದ ಕಾಲಂ

ವಿಧಾನಮಂಡಲದ ಅಧಿವೇಶನ ನಡೆಯುವ ದಿನಗಳಲ್ಲಿ ಪತ್ರಕರ್ತರ ಕೈಗೆ ಒಂದು ಕಟ್ಟು ಕಾಗದ ಬರುತ್ತದೆ. ಸದಸ್ಯರು ಕೇಳಿದ ಪ್ರಶ್ನೆಗಳು, ಅವುಗಳಿಗೆ ಸರ್ಕಾರ ಕೊಟ್ಟ ಉತ್ತರಗಳು. ಹಾಳೆಯ ಎಡಭಾಗದಲ್ಲಿ (ಅ), (ಆ), (ಇ) ಎಂದು ವಿಂಗಡಿಸಿದ ಪ್ರಶ್ನೆ, ಬಲಭಾಗದಲ್ಲಿ ಅದಕ್ಕೆ ಎದುರಾಗಿ ಉತ್ತರ. ‘ಸರ್ಕಾರದ ಗಮನಕ್ಕೆ ಬಂದಿದೆಯೇ?’ ಎಂದು ಎಡಗಡೆ ಇದ್ದರೆ ಬಲಗಡೆ ‘ಬಂದಿದೆ’ ಎಂಬ ಒಂದೇ ಪದ. ‘ಬಂದಿದ್ದಲ್ಲಿ ಕೈಗೊಂಡ ಕ್ರಮವೇನು?’ ಎಂದರೆ ‘ವಿವರಗಳನ್ನು ಅನುಬಂಧದಲ್ಲಿ ನೀಡಲಾಗಿದೆ’. ಗಮನಕ್ಕೇ ಬಂದಿಲ್ಲವಾದರೆ ಮುಂದಿನ ಸಾಲುಗಳಲ್ಲೆಲ್ಲ ‘ಉದ್ಭವಿಸುವುದಿಲ್ಲ’.

ಈ ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಮೊದಲ ಹಾಳೆಯನ್ನು ಓದಿ ಅನುಬಂಧವನ್ನು ಬದಿಗಿಡುತ್ತಿದ್ದೆ. ಸುದ್ದಿ ಇರುವುದು ಅನುಬಂಧದಲ್ಲಿ ಎಂದು ಕಚೇರಿಯ ಹಿರಿಯರೊಬ್ಬರು ತಿದ್ದಿದರು. ಅದರ ಕೋಷ್ಟಕಗಳನ್ನು ಓದುತ್ತಾ ಹೋದಂತೆ ಇನ್ನೊಂದು ಸಂಗತಿಯೂ ಹೊಳೆಯಿತು. ಯಾವ ಕಾಲಂ ಇದೆ ಎಂಬುದರಷ್ಟೇ, ಯಾವ ಕಾಲಂ ಇಲ್ಲ ಎಂಬುದೂ ಮುಖ್ಯ. ಮತ್ತೆ ಮತ್ತೆ ಕೇಳಲಾಗುವ ಎರಡು ವಿಷಯಗಳಲ್ಲಿ, ಅಂದರೆ ಶಿಕ್ಷಕರ ತರಬೇತಿ ಮತ್ತು ಪಂಚಾಯಿತಿಗಳ ಹಣಕಾಸಿನಲ್ಲಿ, ಇದು ಚೆನ್ನಾಗಿ ಕಾಣುತ್ತದೆ.

ಸರ್ಕಾರವನ್ನು ಪ್ರಶ್ನೆ ಕೇಳುವ ಹಕ್ಕು ನಮಗೆ ಒಂದೇ ಸಲ ಬಂದದ್ದಲ್ಲ. ಬ್ರಿಟಿಷ್ ಇಂಡಿಯಾದ ಶಾಸನ ಸಭೆಗಳ ಸದಸ್ಯರಿಗೆ ಪ್ರಶ್ನೆ ಕೇಳಲು ಅವಕಾಶ ದೊರೆತದ್ದು 1892ರ ಕಾಯ್ದೆಯಿಂದ. ಆಗ ಕೊಟ್ಟ ಉತ್ತರವನ್ನು ಕೇಳಿಸಿಕೊಂಡು ಸುಮ್ಮನೆ ಕೂರಬೇಕಿತ್ತು. ಉತ್ತರದ ಮೇಲೆ ಉಪಪ್ರಶ್ನೆ ಕೇಳುವ ಹಕ್ಕು ಬಂದದ್ದು 1909ರ ಸುಧಾರಣೆಗಳ ನಂತರ, ಅದೂ ಮೂಲ ಪ್ರಶ್ನೆ ಕೇಳಿದವರಿಗೆ ಮಾತ್ರ. ನಮ್ಮ ಮೈಸೂರು ಸಂಸ್ಥಾನದಲ್ಲಿ ದಿವಾನ್ ರಂಗಾಚಾರ್ಲು ಅವರು 1881ರಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಕರೆದು ಸಂಸ್ಥಾನದ ಆಡಳಿತದ ವರದಿಯನ್ನು ಅದರ ಮುಂದಿಟ್ಟರು. 1907ರಲ್ಲಿ ನ್ಯಾಯವಿಧಾಯಕ ಸಭೆ ಸ್ಥಾಪನೆಯಾಯಿತು. ಪ್ರಜಾಪ್ರತಿನಿಧಿ ಸಭೆಗೆ ಶಾಸನಬದ್ಧ ಸ್ಥಾನ ಸಿಕ್ಕಿದ್ದು 1923ರಲ್ಲಿ, ಅಂದರೆ ನಾಲ್ಕು ದಶಕಗಳ ಮೇಲೆ.

ಇಂದು ಲೋಕಸಭೆಯಲ್ಲಿ ಪ್ರಶ್ನೋತ್ತರದ ದಿನವೊಂದಕ್ಕೆ 20 ಚುಕ್ಕೆ ಗುರುತಿನ ಪ್ರಶ್ನೆಗಳಿಗೆ ಅವಕಾಶ. ಇವಕ್ಕೆ ಸಚಿವರು ಎದ್ದುನಿಂತು ಉತ್ತರಿಸಬೇಕು, ಉಪಪ್ರಶ್ನೆಗಳನ್ನೂ ಎದುರಿಸಬೇಕು. ಚುಕ್ಕೆ ಗುರುತಿಲ್ಲದ 230 ಪ್ರಶ್ನೆಗಳಿಗೆ ಲಿಖಿತ ಉತ್ತರ ಮಾತ್ರ. ‘ಮಾಹಿತಿಯನ್ನು ಸಂಗ್ರಹಿಸಿ ಸದನದ ಮುಂದೆ ಇಡಲಾಗುವುದು’ ಎಂದು ಸಚಿವರು ಹೇಳಿದರೆ ಅದು ಅಲ್ಲಿಗೇ ಮುಗಿಯುವುದಿಲ್ಲ. ಅದನ್ನು ಭರವಸೆ ಎಂದು ಪರಿಗಣಿಸಲಾಗುತ್ತದೆ. ಮೂರು ತಿಂಗಳೊಳಗೆ ಈಡೇರಿಸಬೇಕು. ಈಡೇರಿತೋ ಇಲ್ಲವೋ ಎಂದು ನೋಡಲು ಲೋಕಸಭೆಯಲ್ಲಿ 1953ರಿಂದ ಸರ್ಕಾರಿ ಭರವಸೆಗಳ ಸಮಿತಿ ಇದೆ.

ಪ್ರಶ್ನೆಯೊಂದು ಏನು ಮಾಡಬಲ್ಲದು ಎಂಬುದಕ್ಕೆ ಮುಂದ್ರಾ ಪ್ರಕರಣವನ್ನು ಹಳಬರು ಈಗಲೂ ನೆನೆಯುತ್ತಾರೆ. ಜೀವ ವಿಮಾ ನಿಗಮದ ಹಣ ಒಬ್ಬ ಉದ್ಯಮಿಯ ಕಂಪನಿಗಳ ಷೇರುಗಳಿಗೆ ಹೋದದ್ದನ್ನು 1957ರಲ್ಲಿ ಫಿರೋಜ್ ಗಾಂಧಿ ಅವರು ಲೋಕಸಭೆಯಲ್ಲಿ ಎತ್ತಿದರು. ಸಿಕ್ಕ ಉತ್ತರಕ್ಕೆ ತೃಪ್ತರಾಗದೆ ಬೆನ್ನುಹತ್ತಿದರು. ನ್ಯಾಯಮೂರ್ತಿ ಎಂ.ಸಿ. ಛಾಗ್ಲಾ ಅವರ ವಿಚಾರಣೆ ನಡೆದು, 1958ರಲ್ಲಿ ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಡಬೇಕಾಯಿತು. ಮೊದಲ ಉತ್ತರವನ್ನೇ ಕೊನೆಯ ಉತ್ತರವೆಂದು ಒಪ್ಪಿಕೊಂಡಿದ್ದರೆ ಇದಾವುದೂ ಆಗುತ್ತಿರಲಿಲ್ಲ.

ಈಗ ಶಿಕ್ಷಕರ ತರಬೇತಿಗೆ ಬರೋಣ. ಈ ಬಗ್ಗೆ ಪ್ರಶ್ನೆ ಕೇಳಿದರೆ ಉತ್ತರ ಬರುವುದು ಸಾಮಾನ್ಯವಾಗಿ ತಲೆ ಎಣಿಕೆಯಲ್ಲಿ. ಇಷ್ಟು ಜನರಿಗೆ ತರಬೇತಿ ಕೊಡಲಾಗಿದೆ, ಇಷ್ಟು ಹಣ ಖರ್ಚಾಗಿದೆ. ಈ ಅಂಕಿಗಳು ಸುಳ್ಳಲ್ಲ, ಸಣ್ಣವೂ ಅಲ್ಲ. ಶಿಕ್ಷಣ ಹಕ್ಕು ಕಾಯ್ದೆಗೆ 2017ರಲ್ಲಿ ತಂದ ತಿದ್ದುಪಡಿಯಂತೆ, ಸೇವೆಯಲ್ಲಿದ್ದ ತರಬೇತಿರಹಿತ ಶಿಕ್ಷಕರು 2019ರ ಮಾರ್ಚ್ 31ರೊಳಗೆ ಅರ್ಹತೆ ಪಡೆಯಬೇಕಿತ್ತು. ಅದಕ್ಕೆಂದು ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ ನಡೆಸಿದ ಡಿಪ್ಲೊಮಾಕ್ಕೆ ದೇಶದಾದ್ಯಂತ 13 ಲಕ್ಷಕ್ಕೂ ಹೆಚ್ಚು ಮಂದಿ ನೋಂದಾಯಿಸಿದರು. 2019ರಲ್ಲೇ ಆರಂಭವಾದ ‘ನಿಷ್ಠಾ’ ಕಾರ್ಯಕ್ರಮದ ಗುರಿ ಸುಮಾರು 42 ಲಕ್ಷ ಮಂದಿಗೆ ತರಬೇತಿ ಕೊಡುವುದಾಗಿತ್ತು.

ಆದರೆ ತರಬೇತಿ ಪಡೆದ ಮೇಲೆ ತರಗತಿಯಲ್ಲಿ ಏನು ಬದಲಾಯಿತು? ಈ ಕಾಲಂ ಸಾಮಾನ್ಯವಾಗಿ ಕಾಣುವುದಿಲ್ಲ. ಕಾರಣ ತಿಳಿಯಲು ತರಬೇತಿ ಹೇಗೆ ಇಳಿದು ಬರುತ್ತದೆ ಎಂದು ನೋಡಬೇಕು. ರಾಜ್ಯಮಟ್ಟದಲ್ಲಿ ಕೆಲವರು ಕಲಿತು ಜಿಲ್ಲೆಯವರಿಗೆ ಹೇಳುತ್ತಾರೆ. 1986ರ ಶಿಕ್ಷಣ ನೀತಿಯ ಫಲವಾಗಿ ಹುಟ್ಟಿದ ಜಿಲ್ಲಾ ತರಬೇತಿ ಸಂಸ್ಥೆಗಳಿಂದ, ನಮ್ಮ ಮೇಷ್ಟ್ರುಗಳ ಬಾಯಲ್ಲಿ ‘ಡಯಟ್’ ಆಗಿರುವಲ್ಲಿಂದ, ಅದು ಬ್ಲಾಕಿಗೆ, ಅಲ್ಲಿಂದ ಶಿಕ್ಷಕರಿಗೆ ತಲುಪಬೇಕು. ಬಾಯಿಂದ ಬಾಯಿಗೆ ಬಂದ ಮಾತಿನಂತೆ ಪ್ರತಿ ಮೆಟ್ಟಿಲಲ್ಲೂ ಸ್ವಲ್ಪ ಸ್ವಲ್ಪ ಸೋರಿಹೋಗುತ್ತದೆ. ಕೊನೆಗೆ ಉಳಿಯುವ ದಾಖಲೆ ಹಾಜರಾತಿ ಪುಸ್ತಕ. ಸದನಕ್ಕೆ ಬರುವ ಉತ್ತರ ಹಾಜರಾತಿಯನ್ನು ಹೇಳುತ್ತದೆ, ಕಲಿಕೆಯನ್ನಲ್ಲ.

ಸೇವೆಗೆ ಸೇರುವ ಮೊದಲಿನ ತರಬೇತಿಯ ಕತೆಯೂ ಹಾಗೆಯೇ. ಸುಪ್ರೀಂ ಕೋರ್ಟ್ ನೇಮಿಸಿದ್ದ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಆಯೋಗ 2012ರ ವರದಿಯಲ್ಲಿ, ಇಂತಹ ಸಂಸ್ಥೆಗಳಲ್ಲಿ ಸುಮಾರು ಶೇ 90ರಷ್ಟು ಖಾಸಗಿಯವು ಎಂದು ಹೇಳಿ, ಅವುಗಳ ಗುಣಮಟ್ಟದ ಬಗ್ಗೆ ಕಳವಳ ವ್ಯಕ್ತಪಡಿಸಿತು. ಅದೇ ವರ್ಷ ನವೆಂಬರಿನಲ್ಲಿ ನಡೆದ ಕೇಂದ್ರದ ಶಿಕ್ಷಕರ ಅರ್ಹತಾ ಪರೀಕ್ಷೆಯಲ್ಲಿ ತೇರ್ಗಡೆಯಾದವರು ಶೇ 1ಕ್ಕೂ ಕಡಿಮೆ. ಬರೆದವರೆಲ್ಲ ಶಿಕ್ಷಕರ ತರಬೇತಿ ಪಡೆದವರು ಅಥವಾ ಪಡೆಯುತ್ತಿದ್ದವರು. ಪರೀಕ್ಷೆ ತೀರ ಕಷ್ಟವಾಗಿತ್ತು ಎಂಬ ವಾದವೂ ಇತ್ತು. ಏನೇ ಇರಲಿ, ಪ್ರಮಾಣಪತ್ರ ಪಡೆದವರ ಸಂಖ್ಯೆಯನ್ನು ಮಾತ್ರ ಕೇಳಿದ್ದರೆ ಈ ಸಂಗತಿ ಯಾವ ಉತ್ತರದಲ್ಲೂ ಹೊರಬರುತ್ತಿರಲಿಲ್ಲ.

ಪಂಚಾಯಿತಿಗಳ ಹಣದ ಲೆಕ್ಕದಲ್ಲಿ ಪದಗಳೇ ಬೇರೆ. ಹಂಚಿಕೆ, ಬಿಡುಗಡೆ, ವೆಚ್ಚ, ಉಳಿಕೆ ಎಂಬ ನಾಲ್ಕು ಪದಗಳು ಒಂದೇ ಅರ್ಥದವು ಎಂದುಕೊಂಡರೆ ಮೋಸ ಹೋಗುತ್ತೇವೆ. ಆಯವ್ಯಯದಲ್ಲಿ ಬರೆದದ್ದು ಹಂಚಿಕೆ. ಕಂತಿನಲ್ಲಿ ಕಳಿಸಿದ್ದು ಬಿಡುಗಡೆ. ಕೆಲಸಕ್ಕೆ ಕೊಟ್ಟದ್ದು ವೆಚ್ಚ. ವರ್ಷದ ಕೊನೆಗೆ ಖರ್ಚಾಗದೆ ನಿಂತದ್ದು ಉಳಿಕೆ. ‘ಎಷ್ಟು ಅನುದಾನ ಒದಗಿಸಲಾಗಿದೆ?’ ಎಂದು ಕೇಳಿದವರಿಗೆ ಮೊದಲನೆಯ ಅಂಕಿ ಕೊಟ್ಟರೂ ಅದು ಉತ್ತರವೇ. ಕೊನೆಯ ಕಂತು ಮಾರ್ಚಿಯಲ್ಲಿ ಬಂತೆ, ಬಂದದ್ದು ಖರ್ಚಾಯಿತೆ ಎಂಬುದು ಬೇರೆ ಪ್ರಶ್ನೆ.

ಶಾಲೆ ಮತ್ತು ಪಂಚಾಯಿತಿ ಒಂದನ್ನೊಂದು ಸಂಧಿಸುವುದೂ ಇಲ್ಲೇ. 1993ರ ಏಪ್ರಿಲ್ 24ರಂದು ಜಾರಿಗೆ ಬಂದ ಸಂವಿಧಾನದ 73ನೇ ತಿದ್ದುಪಡಿ ಪಂಚಾಯಿತಿಗಳಿಗೆ ವಹಿಸಬಹುದಾದ 29 ವಿಷಯಗಳನ್ನು ಪಟ್ಟಿ ಮಾಡಿದೆ. ಪ್ರಾಥಮಿಕ ಮತ್ತು ಪ್ರೌಢಶಾಲಾ ಶಿಕ್ಷಣ ಅದರಲ್ಲಿದೆ, ಶಿಕ್ಷಕರ ಸಂಬಳ ಜಿಲ್ಲಾ ಹಾಗೂ ತಾಲ್ಲೂಕು ಪಂಚಾಯಿತಿಗಳ ಲೆಕ್ಕದಲ್ಲಿ ಸೇರುತ್ತದೆ. ಕರ್ನಾಟಕದ ಆಯವ್ಯಯದ ಜೊತೆಗೆ ಬರುವ ಲಿಂಕ್ ಡಾಕ್ಯುಮೆಂಟಿನಲ್ಲಿ ಯಾವ ಪಂಚಾಯಿತಿಗೆ ಯಾವ ಬಾಬಿನಲ್ಲಿ ಎಷ್ಟು ಎಂದು ನೋಡಬಹುದು. ಮೊತ್ತ ಸಾವಿರಾರು ಕೋಟಿ. ಅಧಿಕಾರ ವಿಕೇಂದ್ರೀಕರಣಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ ಎನಿಸುತ್ತದೆ.

ಆದರೆ ಆ ಮೊತ್ತದ ದೊಡ್ಡ ಪಾಲು ಸಂಬಳ. ಶಿಕ್ಷಕರನ್ನು ನೇಮಿಸುವುದು ರಾಜ್ಯ ಸರ್ಕಾರ, ವರ್ಗಾವಣೆಯ ನಿಯಮ ಮಾಡುವುದೂ ಅದೇ. ಪಂಚಾಯಿತಿ ಆ ಹಣವನ್ನು ಬೇರೆ ಕಡೆ ತಿರುಗಿಸುವಂತಿಲ್ಲ. ಹಣ ಪಂಚಾಯಿತಿಯ ಹೆಸರಿನಲ್ಲಿ ಬಂದು ಪಂಚಾಯಿತಿಯ ಕೈಗೆ ತಾಗದೆ ಹೋಗುತ್ತದೆ. ಕೇಂದ್ರದಿಂದ ಬರುವ ಹಣದಲ್ಲೂ ಷರತ್ತುಗಳಿವೆ. 2021ರಿಂದ 2026ರವರೆಗಿನ ಐದು ವರ್ಷಕ್ಕೆ 15ನೇ ಹಣಕಾಸು ಆಯೋಗ ದೇಶದ ಗ್ರಾಮೀಣ ಸ್ಥಳೀಯ ಸಂಸ್ಥೆಗಳಿಗೆ ರೂ. 2,36,805 ಕೋಟಿ ಶಿಫಾರಸು ಮಾಡಿತು. ಅದರಲ್ಲಿ ಶೇ 60 ಭಾಗ ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ಮೀಸಲು. ಉಳಿದ ಶೇ 40 ಭಾಗ ಮಾತ್ರ ಊರಿನ ಅಗತ್ಯ ನೋಡಿ ಬಳಸಬಹುದಾದದ್ದು. ಶಾಲೆಯ ಸೋರುವ ಮಾಡನ್ನು ರಿಪೇರಿ ಮಾಡಿಸಿ ಎಂದು ಗ್ರಾಮಸಭೆಯಲ್ಲಿ ಕೇಳಿದವರಿಗೆ, ದೊಡ್ಡ ಮೊತ್ತ ಬಂದಿದ್ದರೂ ಅಧ್ಯಕ್ಷರು ಕೈಚೆಲ್ಲುವುದಕ್ಕೆ ಇದೂ ಒಂದು ಕಾರಣ.

ಹಾಗಾದರೆ ಸರ್ಕಾರ ಉತ್ತರವನ್ನು ಮುಚ್ಚಿಡುತ್ತದೆಯೇ? ಬಹಳ ಸಲ ಹಾಗೇನಿಲ್ಲ. ಉತ್ತರ ಬರೆಯುವ ಗುಮಾಸ್ತರ ಮುಂದೆ ಇರುವುದು ಪ್ರಶ್ನೆಯ ಪದಗಳು ಮತ್ತು ಇಲಾಖೆಯ ರಿಜಿಸ್ಟರುಗಳು. ಕೇಳಿದ್ದಕ್ಕಿಂತ ಹೆಚ್ಚು ಹೇಳುವುದು ಅವರ ಕೆಲಸವಲ್ಲ. ಇಲಾಖೆ ಯಾವುದನ್ನು ಎಣಿಸುತ್ತದೋ ಅದೇ ಉತ್ತರದಲ್ಲಿ ಬರುತ್ತದೆ. ‘ಎಷ್ಟು ಮಂದಿಗೆ ತರಬೇತಿ?’ ಎನ್ನುವ ಬದಲು ‘ತರಬೇತಿಯ ನಂತರ ಎಷ್ಟು ತರಗತಿಗಳಿಗೆ ಭೇಟಿ ಕೊಟ್ಟು ನೋಡಲಾಗಿದೆ, ಅಲ್ಲಿ ಕಂಡದ್ದೇನು?’ ಎಂದು ಕೇಳಿದರೆ, ‘ಎಷ್ಟು ಅನುದಾನ?’ ಎನ್ನುವ ಬದಲು ‘ಸಂಬಳ ಕಳೆದು ಪಂಚಾಯಿತಿ ತಾನೇ ತೀರ್ಮಾನಿಸಿ ಖರ್ಚು ಮಾಡಬಹುದಾದ ಹಣ ಎಷ್ಟು?’ ಎಂದು ಕೇಳಿದರೆ, ಎಣಿಸದೆ ಬಿಟ್ಟದ್ದನ್ನು ಎಣಿಸಲೇಬೇಕಾಗುತ್ತದೆ. ಎಣಿಸಿಲ್ಲ ಎಂದು ಒಪ್ಪಿಕೊಂಡರೆ ಅದೂ ಒಂದು ಉತ್ತರವೇ.

ಸದನದ ಪ್ರಶ್ನೋತ್ತರಗಳು ಈಗ ಜಾಲತಾಣದಲ್ಲಿ ಎಲ್ಲರಿಗೂ ಸಿಗುತ್ತವೆ. ಮುಂದಿನ ಅಧಿವೇಶನದಲ್ಲಿ ನಿಮ್ಮ ಕ್ಷೇತ್ರದ ಶಾಸಕರು ಯಾವ ಪ್ರಶ್ನೆ ಕೇಳಿದರು ಎಂದು ಒಮ್ಮೆ ತೆಗೆದು ನೋಡಬಹುದು. ಕೋಷ್ಟಕದಲ್ಲಿ ಬೇಕಾದ ಕಾಲಂ ಇಲ್ಲದಿದ್ದರೆ, ಅವರು ಊರಿಗೆ ಬಂದಾಗ ಅದನ್ನೇ ಕೇಳಿ ಎಂದು ಹೇಳಿಕಳಿಸಬಹುದು. ಪ್ರಶ್ನೆಗೆ ಸಹಿ ಹಾಕುವವರು ಶಾಸಕರಾದರೂ ಅದು ಹುಟ್ಟಬೇಕಾದದ್ದು ಶಾಲೆಯ ಅಂಗಳದಲ್ಲಿ, ಪಂಚಾಯಿತಿಯ ಕಟ್ಟೆಯಲ್ಲಿ.