ಪ್ರಾಚೀನ ಇತಿಹಾಸದಲ್ಲಿ ಪಿಎಚ್.ಡಿ.: ಅಂಕಪಟ್ಟಿಯಷ್ಟೇ ಸಾಲದು

ಕರೀಂನಗರ ಜಿಲ್ಲೆಯ ಕುರಿಕ್ಯಾಲದ ಬಂಡೆಯ ಮೇಲೆ ಆದಿಕವಿ ಪಂಪನ ತಮ್ಮ ಜಿನವಲ್ಲಭ 10ನೆಯ ಶತಮಾನದಲ್ಲಿ ಬರೆಸಿದ ಶಾಸನವಿದೆ. ಸಂಸ್ಕೃತ, ಕನ್ನಡ, ತೆಲುಗು ಮೂರೂ ಅದರಲ್ಲಿವೆ. ಪಂಪನ ಮನೆತನದ ಎಷ್ಟೋ ವಿವರ ನಾಡಿಗೆ ತಿಳಿದದ್ದು ಅದರಿಂದ. ಇಂಥವನ್ನು ಮುಂದೆ ಓದುವವರು ಯಾರು?

ಗಡಿಯಾಚೆ ನೆಲೆಸಿದ ನಮ್ಮ ಮಕ್ಕಳು ಮನಸ್ಸು ಮಾಡಿದರೆ ದಾರಿ ಇದೆ. ಯು.ಜಿ.ಸಿ.ಯ 2022ರ ನಿಯಮದಂತೆ ಎಂ.ಎ.ಯಲ್ಲಿ ಶೇ. 55 ಅಂಕ ಬೇಕು. ಪರಿಶಿಷ್ಟರು, ಹಿಂದುಳಿದ ವರ್ಗದವರು ಮೊದಲಾದವರಿಗೆ ಶೇ. 5 ರಿಯಾಯಿತಿ. ನಾಲ್ಕು ವರ್ಷದ ಪದವಿಯಲ್ಲಿ ಶೇ. 75 ಪಡೆದವರೂ ಅರ್ಹರು. 2024ರಿಂದ ನೆಟ್ ಪರೀಕ್ಷೆಯ ಅಂಕವೂ ಪ್ರವೇಶಕ್ಕೆ ಆಧಾರವಾಗಿದೆ. ಅವಧಿ 3ರಿಂದ 6 ವರ್ಷ. ಮಹಿಳೆಯರಿಗೆ ಇನ್ನೂ 2 ವರ್ಷ ಸಿಗಬಹುದು, 240 ದಿನಗಳವರೆಗೆ ಹೆರಿಗೆ ರಜೆಯೂ ಉಂಟು. ಮದುವೆಯಾಯಿತೆಂದು ಮಗಳ ಓದು ನಿಲ್ಲಿಸಬೇಕಾಗಿಲ್ಲ.

ಈ ನಿಯಮಗಳು ಕೇಳದ ಅರ್ಹತೆಯೊಂದನ್ನು ವಿಷಯವೇ ಕೇಳುತ್ತದೆ. ಜೈನ ಇತಿಹಾಸ ಹಿಡಿದವರಿಗೆ ಪ್ರಾಕೃತ, ಸಂಸ್ಕೃತ, ಹಳಗನ್ನಡ ತಿಳಿದಿರಬೇಕು, ಹಳೆಯ ಲಿಪಿ ಓದಲು ಬರಬೇಕು. ಎಂ.ಎ. ಮುಗಿದ ಮೇಲೆ ಆರಂಭಿಸಿದರೆ ಸಂಶೋಧನೆಯ ಕಾಲವೆಲ್ಲ ಅಕ್ಷರಾಭ್ಯಾಸಕ್ಕೇ ಹೋದೀತು. ಮಲಯಾಳಂ, ಮರಾಠಿ, ತಮಿಳು, ತೆಲುಗು ಶಾಲೆಗೆ ಹೋಗುವ ಮಗುವಿಗೆ ಮನೆಯಲ್ಲೇ ಕನ್ನಡ ಓದು-ಬರಹ ಕಲಿಸುವುದು ಮೊದಲ ಮೆಟ್ಟಿಲು. ಆ ಕೆಲಸ ಪಾಲಕರಾದ ನಮ್ಮದೇ.